ಸ್ವಂತ ಊರು ಕೇಳದ ಸಿಸ್ಟರ್

ಅವರ ಎಡ ಭುಜ ಬಲ ಭುಜಕ್ಕಿಂತ ಮೂರು ಬೆರಳು ತಗ್ಗಿತ್ತು. ಬಿಳಿ ಸೀರೆಯ ಸೆರಗು ಅಲ್ಲಿ ನಿಲ್ಲದೆ ಜಾರುತ್ತಿತ್ತು. ಅದಕ್ಕೆಂದು ದೊಡ್ಡದೊಂದು ಪಿನ್ನು ಚುಚ್ಚಿಕೊಂಡಿರುತ್ತಿದ್ದರು. ನೋಡಿದವರು ಎಲ್ಲೋ ಬಿದ್ದು ಪೆಟ್ಟಾಗಿರಬೇಕು ಅಂದುಕೊಳ್ಳುತ್ತಿದ್ದರು. ಪೆಟ್ಟಲ್ಲ. ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿ ಆ ಕಡೆಯ ಏಳು ಪಕ್ಕೆಲುಬು ತೆಗೆದು, ಕೆಟ್ಟುಹೋದ ಶ್ವಾಸಕೋಶವನ್ನು ಅದುಮಿ ಕೂರಿಸಿದ್ದರು. ಕ್ಷಯಕ್ಕೆ ಔಷಧಿ ಇಲ್ಲದ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ನರ್ಸಾಗಿ ಕ್ಷಯ ರೋಗಿಗಳನ್ನು ನೋಡಿಕೊಳ್ಳುತ್ತಲೇ ಅವರಿಗೂ ಅಂಟಿಕೊಂಡಿತ್ತು. ವಾಸಿಯಾದ ಮೇಲೆ ಬೇರೆ ಕೆಲಸ ಹುಡುಕಿಕೊಳ್ಳಿ ಎಂದು ಎಲ್ಲರೂ ಹೇಳಿದರಂತೆ. "ಏಳು ಎಲುಬು ಕೊಟ್ಟು ಕಲಿತ ಕೆಲಸ. ಬಿಟ್ಬಿಡ್ಲಾ?" ಎಂದು ಮತ್ತೆ ಕ್ಷಯದ ವಾರ್ಡಿಗೇ ಬಂದರು.

ನನ್ನನ್ನು ಆ ವಾರ್ಡಿಗೆ ಸೇರಿಸಿದಾಗ ನನಗೆ ಇಪ್ಪತ್ತೊಂದು ವರ್ಷ. ಕೊಡಗು ಆಗ ಪ್ರತ್ಯೇಕ ರಾಜ್ಯ. ನಮ್ಮದೇ ಸರ್ಕಾರ, ನಮ್ಮದೇ ಮಂತ್ರಿಗಳು ಎಂದು ಜನ ಬೀಗುತ್ತಿದ್ದರು. ನಾನು ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಚಿಕ್ಕ ರೈಟರ್, ಅಂದರೆ ಗುಮಾಸ್ತ. ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳ ಹೆಸರು ಕೂಗುವುದು, ಯಾರು ಬಂದರು ಯಾರು ಬರಲಿಲ್ಲ ಎಂದು ಬರೆಯುವುದು, ಹೊಸದಾಗಿ ಬಂದ ಸಂಸಾರಕ್ಕೆ ಆಳುಗಳ ಸಾಲುಮನೆಯಾದ ಲೈನಿನಲ್ಲಿ ಕೋಣೆ ತೋರಿಸುವುದು ನನ್ನ ಕೆಲಸ. ಕುಶಾಲನಗರದ ಹತ್ತಿರ ರಾಗಿ ಬೆಳೆಯುವ ನಮ್ಮ ಮನೆಯಲ್ಲಿ ಪೆನ್ನು ಹಿಡಿದು ಸಂಬಳ ತಂದವನು ನಾನೇ ಮೊದಲಿಗ. ಆ ಜಂಬ ಇಳಿಯುವ ಮೊದಲೇ ಒಂದು ಬೆಳಿಗ್ಗೆ ಹೆಸರು ಕೂಗುತ್ತಿರುವಾಗ ಬಾಯಲ್ಲಿ ರಕ್ತ ಬಂತು. ಅಪ್ಪ ಎಲ್ಲರಿಗೂ ಮಲೇರಿಯ ಎಂದು ಹೇಳಿಕೊಂಡು ಬಂದರು. ತಂಗಿಯ ಮದುವೆ ಮಾತು ನಡೆಯುತ್ತಿತ್ತು.

ಸಿಸ್ಟರ್ ಮುಂದೆಯೂ ನಾನು ಮಲೇರಿಯ ಎಂದೇ ಹೇಳಿದೆ.

"ಮಲೇರಿಯಕ್ಕೆ ಆಚೆ ಕಡೆ ವಾರ್ಡು ಇದೆ," ಎಂದರು. "ಹೋಗ್ತೀಯಾ? ಕ್ವಿನೈನ್ ಕೊಡ್ತಾರೆ, ಗಂಜಿ ಕೊಡ್ತಾರೆ. ಆಮೇಲೆ ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ."

ನಾನು ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟೆ.

"ರೋಗದ ಹೆಸರು ಹೇಳು."

"ಕ್ಷಯ."

"ಜೋರಾಗಿ ಹೇಳು. ಕಳ್ಳತನ ಮಾಡಿ ಬಂದಿದ್ದೀಯಾ?"

ವಾರ್ಡಿಗೆ ಬಂದ ಪ್ರತಿಯೊಬ್ಬರ ಬಾಯಿಂದಲೂ ಹೀಗೆ ರೋಗದ ಹೆಸರು ಹೇಳಿಸುತ್ತಿದ್ದರು. ಆಮೇಲೇ ಹಾಸಿಗೆ. ಹತ್ತು ಹಾಸಿಗೆಯ ಆ ವಾರ್ಡಿನಲ್ಲಿ ರೋಗವನ್ನು ಬಚ್ಚಿಡದೆ ಬಂದವರೇ ಕಡಿಮೆ. ಮೂಲೆಯಲ್ಲಿದ್ದ ಕೊಡವ ಸುಬೇದಾರರು ಮನೆಯವರಿಗೆ ಅದು ಬರ್ಮಾದ ಹಳೇ ಗಾಯ ಎಂದು ಹೇಳಿ ಬಂದಿದ್ದರು. ಕುಟ್ಟದ ದಾರಿಯಲ್ಲಿ ಅಂಗಡಿ ಇಟ್ಟಿದ್ದ ಮಾಪಿಳ್ಳೆ ಮುಸಲ್ಮಾನ ಕಾಕ ಗಿರಾಕಿಗಳು ತಪ್ಪಿಹೋಗುತ್ತಾರೆಂದು ಹೆದರಿ, ತಾನು ಕಣ್ಣೂರಿಗೆ ಮದುವೆಗೆ ಹೋಗಿರುವುದಾಗಿ ಸುದ್ದಿ ಹಬ್ಬಿಸಿದ್ದ. ಬಚ್ಚಿಡಲು ಏನೂ ಇಲ್ಲದವರು ಎಂದರೆ ಎಸ್ಟೇಟಿನ ಆಳುಗಳು. ಅವರು ಕೆಮ್ಮುತ್ತಾ ಬಂದು, ಕೆಮ್ಮು ಎಂದೇ ಹೇಳುತ್ತಿದ್ದರು.

ಸಿಸ್ಟರ್ ತಲಶ್ಶೇರಿಯ ಕಡೆಯವರು. ಕನ್ನಡ ಕಲಿತದ್ದು ರೋಗಿಗಳಿಂದ. ಹಾಗಾಗಿ ಅವರ ಮಾತಿನಲ್ಲಿ ಹುಣಸೂರೂ ಇತ್ತು, ಪುತ್ತೂರೂ ಇತ್ತು; ಸಿಟ್ಟು ಬಂದರೆ ಮಾತ್ರ ಅಪ್ಪಟ ಮಲಯಾಳ. ಸಿಟ್ಟು ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು. ಮೊದಲನೆಯದು ಬೆಳಿಗ್ಗೆ, ಕಿಟಕಿಗಳ ವಿಷಯಕ್ಕೆ. ಆಷಾಢದ ಮಂಜು ಒಳಗೆ ನುಗ್ಗಿ ಕಂಬಳಿಯೆಲ್ಲ ಒದ್ದೆಯಾದರೂ ಕಿಟಕಿ ಮುಚ್ಚುವ ಹಾಗಿರಲಿಲ್ಲ. ಯಾರಾದರೂ ಗೊಣಗಿದರೆ, "ಗಾಳಿ ಬೇಡ ಅನ್ನೋರು ಗುಂಡಿಯಲ್ಲಿ ಮಲಗಿ. ಅಲ್ಲಿ ಕಿಟಕಿ ಇಲ್ಲ" ಎನ್ನುತ್ತಿದ್ದರು. ನಮ್ಮ ತಲೆ ಮುಟ್ಟಲು ಊರಿನ ಕ್ಷೌರದವನು ಒಪ್ಪದಿದ್ದಾಗ ತಾವೇ ಕತ್ತರಿ ಹಿಡಿದರು. ಒಂದು ಭಾನುವಾರ ಅಷ್ಟೂ ಗಂಡಸರ ತಲೆ ಇಲಿ ಕಡಿದ ಹಾಗೆ ಆಯಿತು. ಸುಬೇದಾರರು ಕನ್ನಡಿ ನೋಡಿಕೊಂಡು, "ಜಪಾನಿನವನೂ ನನಗೆ ಇಷ್ಟು ಅವಮಾನ ಮಾಡಿರ್ಲಿಲ್ಲ" ಎಂದರು. ಸಿಸ್ಟರ್ ನಕ್ಕ ರಭಸಕ್ಕೆ ಅವರಿಗೇ ಕೆಮ್ಮು ಹತ್ತಿತು.

ನನ್ನ ಅಕ್ಷರ ದುಂಡಗಿತ್ತು. ಎರಡು ವಾರ ಕಳೆದು ಜ್ವರ ಇಳಿಯುತ್ತಲೇ, "ರೈಟರೇ, ಸುಮ್ನೆ ಮಲಗಿ ಸೀಲಿಂಗ್ ನೋಡ್ಬೇಡ" ಎಂದು ವಾರ್ಡಿನ ರಿಜಿಸ್ಟರನ್ನು ನನ್ನ ಮಡಿಲಿಗೆ ಹಾಕಿದರು. ಹಳೆಯದು ಹರಿದುಹೋಗಿತ್ತು, ಹೊಸದರಲ್ಲಿ ಎಲ್ಲರದನ್ನೂ ಕೇಳಿ ಬರೆಯಬೇಕಾಗಿತ್ತು. ಹೆಸರು, ವಯಸ್ಸು, ಜಾತಿ, ಕಸುಬು, ಸ್ವಂತ ಊರು. ಇಷ್ಟೇ ಕಾಲಮುಗಳು. ಈಗ ಎಲ್ಲಿ ವಾಸ ಎಂದು ಕೇಳುವ ಕಾಲಮು ಇರಲಿಲ್ಲ. ಅದು ಕೊರತೆ ಎಂದು ನನಗೆ ಹೊಳೆಯಲೂ ಇಲ್ಲ. ಹುಣಸೂರು, ಕೊಳ್ಳೇಗಾಲ, ಸೇಲಂ, ಕಣ್ಣೂರು, ಪುತ್ತೂರು ಎಂದು ಸಾಲಾಗಿ ಬರೆದೆ. ನನ್ನ ಹೆಸರಿನ ಮುಂದೆ ಅರಕಲಗೂಡು ಎಂದು ಬರೆದುಕೊಂಡೆ.

ಅರಕಲಗೂಡನ್ನು ನಾನು ನೋಡಿದ್ದು ಬದುಕಿನಲ್ಲಿ ಒಂದೇ ಸಲ, ಮನೆದೇವರಿಗೆ ಮುಡಿ ಕೊಡಲು ಹೋದಾಗ. ತಾತ ಅಲ್ಲಿಂದ ಎತ್ತಿನ ಗಾಡಿ ಹೊಡೆದುಕೊಂಡು ಬಂದು ಕುಶಾಲನಗರದ ಕಡೆ ನೆಲೆಸಿದವರು. ಅಪ್ಪ ಹುಟ್ಟಿದ್ದು ಇಲ್ಲಿ, ನಾನು ಹುಟ್ಟಿದ್ದು ಇಲ್ಲಿ. ಆದರೂ ಯಾರಾದರೂ ಊರು ಕೇಳಿದರೆ ನಮ್ಮ ಮನೆಯಲ್ಲಿ ಚಿಕ್ಕ ಮಗುವೂ ಅರಕಲಗೂಡು ಎಂದೇ ಹೇಳುತ್ತಿತ್ತು. ಮನೆದೇವರು ಇರುವುದು ಅಲ್ಲಿ ತಾನೇ? ಎಸ್ಟೇಟಿನ ಆಳುಗಳೂ ಅಷ್ಟೇ. ಮೂವತ್ತು ವರ್ಷ ಇಲ್ಲಿಯ ಕಾಫಿ ಕೊಯ್ದವರು, ಇಲ್ಲೇ ಹೆತ್ತು ಇಲ್ಲೇ ಹೂಳಿದವರು, ಕೇಳಿದರೆ ಬೆಟ್ಟದಾಚೆಯ ಹಳ್ಳಿಯೊಂದರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದರು.

ತಿಂಗಳು ಕಳೆದು ಮೇಲಿನಿಂದ, ಆರೋಗ್ಯ ಇಲಾಖೆಯಿಂದ, ಒಂದು ಕಾಗದ ಬಂತು. ರಿಜಿಸ್ಟರಿನ ಪ್ರತಿಯನ್ನು ಅಲ್ಲಿ ಯಾರೋ ಓದಿದ್ದರು. ಕಾಗದದಲ್ಲಿದ್ದದ್ದು ಇಷ್ಟು: ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೊರಗಿನವರು. ರೋಗವನ್ನು ತಮ್ಮ ತಮ್ಮ ಊರಿನಿಂದ ತಂದಿದ್ದಾರೆ. ಈ ರಾಜ್ಯದ ಹಾಸಿಗೆ, ಈ ರಾಜ್ಯದ ದುಬಾರಿ ಔಷಧಿ ಈ ರಾಜ್ಯದವರಿಗೆ ಸಲ್ಲಬೇಕು. ಇಲಾಖೆಯ ಸಾಹೇಬರು ಬಂದು ಪರಿಶೀಲಿಸಿದ ಮೇಲೆ ಇವರನ್ನು ಬಿಡುಗಡೆ ಮಾಡತಕ್ಕದ್ದು. ಆ ಔಷಧಿ ಎಂದರೆ ಆಗ ತಾನೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಸೂಜಿ. ತಿಂಗಳುಗಟ್ಟಲೆ ತಪ್ಪದೆ ಹಾಕಿಸಿಕೊಂಡರೆ ಬದುಕು, ಅರ್ಧಕ್ಕೆ ಬಿಟ್ಟರೆ ಮತ್ತೆ ರಕ್ತ. ಒಂಬತ್ತೂ ಜನರದು ಅರ್ಧಕ್ಕೂ ಬಂದಿರಲಿಲ್ಲ. ವಾರ್ಡಿನಿಂದ ಹೊರಗೆ ಕಳಿಸುವುದೆಂದರೆ ಸಾಯಲು ಕಳಿಸುವುದೇ.

ಸಿಸ್ಟರ್ ಕಾಗದ ಓದಿ, ರಿಜಿಸ್ಟರ್ ತರಿಸಿ, ನನ್ನ ದುಂಡಗಿನ ಅಕ್ಷರದ ಮೇಲೆ ಬೆರಳು ಆಡಿಸಿದರು.

"ಚೆಂದ ಬರೆದಿದ್ದೀಯ. ಇಷ್ಟು ಚೆಂದಕ್ಕೆ ಒಂಬತ್ತು ಜನ ಹೋಗ್ತಾರೆ. ನೀನೂ ಹೋಗು ಅರಕಲಗೂಡಿಗೆ. ಅಲ್ಲಿ ನಿಂಗೆ ಯಾರಿದ್ದಾರೆ?"

"ಮನೆದೇವರು," ಎಂದೆ. ಬೇರೆ ಯಾರೂ ಇರಲಿಲ್ಲ.

"ಅವನು ಸೂಜಿ ಹಾಕ್ತಾನಾ?"

ಆಮೇಲಿನ ಬೈಗುಳ ಪೂರ್ತಿ ಮಲಯಾಳದಲ್ಲಿತ್ತು. ಅದು ಮುಗಿದ ಮೇಲೆ ಒಂದು ಕೆಂಪು ಪೆನ್ಸಿಲ್ ತಂದು, ಸ್ವಂತ ಊರಿನ ಪಕ್ಕದಲ್ಲಿ ತಾವೇ ಉದ್ದಕ್ಕೆ ಗೆರೆ ಎಳೆದು ಹೊಸದೊಂದು ಕಾಲಮು ಮಾಡಿದರು. ಕೂತು ಬರೆಯಲು ಒಂದು ಸ್ಟೂಲು ಹಿಡಿಸಿ, ನನ್ನನ್ನು ಕರೆದುಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೊರಟರು. ಅವರು ಊರು ಕೇಳಲಿಲ್ಲ. ಎಲ್ಲಿ ಮಲಗುತ್ತೀಯ, ಎಷ್ಟು ಜನ ಮಲಗುತ್ತೀರಿ, ನಿನ್ನ ಪಕ್ಕ ಮಲಗುತ್ತಿದ್ದವರಲ್ಲಿ ಯಾರಿಗೆ ಕೆಮ್ಮಿತ್ತು, ಅಷ್ಟನ್ನೇ ಕೇಳಿದರು.

ಮರದ ಅಡ್ಡಗೋಡೆಯ ಆಚೆ, ಹೆಂಗಸರ ಕಡೆ, ಮೊದಲ ಹಾಸಿಗೆಯಲ್ಲಿ ಚಿಕ್ಕತಾಯಿ ಎಂಬವಳು ಇದ್ದಳು. ನಮ್ಮ ಎಸ್ಟೇಟಿನಲ್ಲೇ ಕಾಫಿ ಕೊಯ್ಯುತ್ತಿದ್ದವಳು, ಮೂರು ಮಕ್ಕಳ ತಾಯಿ.

"ಕೆಳಗಿನ ಲೈನು ಸಿಸ್ಟ್ರಮ್ಮ, ಕೊನೇ ಕೋಣೆ. ಹಳ್ಳದ ಮಗ್ಗುಲು."

"ಎಷ್ಟು ಜನ?"

"ನಾವು ಐದು, ನಮ್ಮ ನಾದ್ನಿ ಮನೇರು ನಾಕು. ಒಂಬತ್ತಾಯ್ತದಲ್ಲ. ಒಲೆನೂ ಅಲ್ಲೇಯ."

"ಕಿಟಕಿ?"

ಚಿಕ್ಕತಾಯಿಗೆ ನಗು ಬಂತು. "ಬಾಗ್ಲು ಒಂದದೆ."

"ನಿಮಗಿಂತ ಮುಂಚೆ ಅಲ್ಲಿ ಯಾರಿದ್ರು?"

"ಯಾರೋ ಸೇಲಂ ಕಡೆಯೋನು. ಅವ್ನೂ ಬೋ ಕೆಮ್ತಿದ್ನಂತೆ. ಊರ್ಗೋದ ಅಂದ್ರು."

ನನ್ನ ಪೆನ್ನು ನಿಂತುಹೋಯಿತು. ಎಸ್ಟೇಟಿನ ಪದ್ಧತಿ ಅದು. ಆಳಿಗೆ ಕೆಮ್ಮು ಜೋರಾಗಿ ಬುಟ್ಟಿ ಹೊರಲಾಗದೆ ಹೋದರೆ ಬಸ್ಸು ಹತ್ತಿಸಿ, ಹೆಸರಿನ ಮುಂದೆ ‘ಊರಿಗೆ ಹೋದ’ ಎಂದು ಬರೆಯುವುದು. ಹಾಗೆ ಬರೆದರೆ ಎಸ್ಟೇಟಿನಲ್ಲಿ ಯಾರೂ ಕಾಯಿಲೆ ಬಿದ್ದಂತಾಗುವುದಿಲ್ಲ, ಯಾರೂ ಸತ್ತಂತೆಯೂ ಆಗುವುದಿಲ್ಲ. ಆ ಸೇಲಂನವನ ಹೆಸರಿನ ಮುಂದೆ ಅದನ್ನು ಬರೆದವನು ನಾನು. ಮೂರೇ ದಿನಕ್ಕೆ, ಗೋಡೆಗೆ ಸುಣ್ಣ ಕೂಡ ಬಳಿಸದೆ, ಅದೇ ಕೋಣೆಯನ್ನು ಚಿಕ್ಕತಾಯಿಗೆ ತೋರಿಸಿದವನೂ ನಾನೇ. ಆಗ ಅವಳು ದುಂಡಗೆ ಗಟ್ಟಿಮುಟ್ಟಾಗಿದ್ದಳು. ಒಳಗೆ ಇಣುಕಿ ನೋಡಿ, "ಬೆಚ್ಚಗದೆ ಬುದ್ಧಿ" ಎಂದಿದ್ದಳು.

ಸಿಸ್ಟರನ್ನು ವರಾಂಡಕ್ಕೆ ಕರೆದು ಇಷ್ಟನ್ನೂ ಹೇಳಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ.

"ಬರಿ," ಎಂದರು.

"ಏನಂತ ಬರೀಲಿ?"

"ಈಗ ಹೇಳಿದ್ಯಲ್ಲ, ಅದನ್ನೇ. ಅಳೋದು ಆಮೇಲೆ ಅಳು, ಶಾಯಿ ಹರಡುತ್ತೆ."

ಸುದ್ದಿ ಎಸ್ಟೇಟಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಆ ವಾರವೇ ನಮ್ಮ ದೊಡ್ಡ ರೈಟರು ನನ್ನನ್ನು ನೋಡಲು ಬಂದರು. ಒಳಗೆ ಬರಲಿಲ್ಲ. ಕಿಟಕಿಯ ಹೊರಗೆ ನಿಂತು, ಬಿಸ್ಕತ್ತಿನ ಪೊಟ್ಟಣವನ್ನು ಕೊಡೆಯ ತುದಿಗೆ ಸಿಕ್ಕಿಸಿ ನನ್ನತ್ತ ಚಾಚಿದರು.

"ಎಂತ ಮಾರಾಯ, ಮೈ ಸ್ವಲ್ಪ ತುಂಬಿದ ಹಾಗೆ ಉಂಟಲ್ಲ? ಎಸ್ಟೇಟಿನ ದೊರೆ ನಿನ್ನ ಕೆಲಸವನ್ನು ಹಾಗೇ ಇಟ್ಟಿದ್ದಾರೆ. ಆದ್ರೆ ಲೈನಿನ ವಿಷಯ ಎಲ್ಲ ಆಸ್ಪತ್ರೆಯ ಪುಸ್ತಕದಲ್ಲಿ ಎಂತಕ್ಕೆ? ಬರೆದವನೇ ಆ ಹಾಳೆ ಹರಿದು ಹಾಕಿದ್ರೆ ಮುಗೀತು. ಅವರೆಲ್ಲ ಅವರವರ ಊರಿಗೆ ಹೋಗ್ತಾರೆ. ನಿನ್ನನ್ನು ನಾವು ನೋಡಿಕೊಳ್ತೇವೆ."

ಅವರು ಕೆಟ್ಟವರಲ್ಲ. ನನಗೆ ಚೆಕ್‌ರೋಲು ಎಂಬ ಹಾಜರಿ ಲೆಕ್ಕ ಬರೆಯಲು ಕಲಿಸಿದವರು. ಎರಡು ದಿನ ಆ ಮಾತು ನನ್ನನ್ನು ಕೊರೆಯಿತು. ಕೆಲಸವಿದ್ದರೆ ಅಪ್ಪನ ತಲೆ ಎತ್ತಿರುತ್ತದೆ, ತಂಗಿಯ ಮದುವೆ ನಡೆಯುತ್ತದೆ. ಮೂರನೆಯ ದಿನ ಎಲ್ಲವನ್ನೂ ಸಿಸ್ಟರಿಗೆ ಹೇಳಿದೆ. ಹೇಳುವಾಗ, ಅವರು ಬೈದು ನನ್ನ ಪರವಾಗಿ ತಾವೇ ತೀರ್ಮಾನ ಮಾಡಲಿ ಎಂಬ ಆಸೆಯಿತ್ತು. ಅವರು ಬೈಯಲಿಲ್ಲ.

"ಕೆಲಸ ದೊಡ್ಡದೇ. ತಂಗಿ ಮದುವೆಯೂ ದೊಡ್ಡದೇ," ಎಂದರು. "ನಾನು ನಿನ್ನ ಕೈ ಹಿಡಿದು ಎಳೆಯಲ್ಲ. ಆದ್ರೆ ಸಾಹೇಬ್ರ ಮುಂದೆ ನೀನು ಬಾಯಿ ಮುಚ್ಚಿಕೊಂಡಿದ್ರೆ, ಗಂಟು ಕಟ್ಟು ಅಂತ ಚಿಕ್ಕತಾಯಿಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ."

ಸಾಹೇಬರು ಬುಧವಾರ ಬಂದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

"ಒಳಗೆ ಬನ್ನಿ ಸಾರ್. ಅಲ್ಲಿಂದ ನೋಡಿದ್ರೆ ಮುಖ ಕಾಣಲ್ಲ, ಬರೀ ಜಾತಿ ಕಾಣುತ್ತೆ," ಎಂದರು ಸಿಸ್ಟರ್.

ಸಾಹೇಬರು ಎರಡು ಹೆಜ್ಜೆ ಒಳಗೆ ಬಂದರು. "ನೋಡಿ ಸಿಸ್ಟರ್, ನನಗೇನು ಇವರ ಮೇಲೆ ದ್ವೇಷವಿಲ್ಲ. ಇರೋದು ಹತ್ತು ಬೆಡ್ಡು. ಇವರೆಲ್ಲ ಹೊರಗಿನಿಂದ ರೋಗ ಹೊತ್ತುಕೊಂಡು ಬಂದವರು."

"ಇವರು ಹೊರಗಿನವರು, ಸರಿ ಸಾರ್. ನಾನೂ ಹೊರಗಿನವಳು. ಆದ್ರೆ ಇವರ ಕೆಮ್ಮು ಇಲ್ಲೇ ಹುಟ್ಟಿದ್ದು. ಈ ವಾರ್ಡಲ್ಲಿ ಕೊಡಗಿನಲ್ಲೇ ಹುಟ್ಟಿ ಬೆಳೆದಿದ್ದು ಅಂದ್ರೆ ಸುಬೇದಾರ್ರು, ನಮ್ಮ ರೈಟರು, ಮತ್ತೆ ಈ ಕೆಮ್ಮು."

"ಅದಕ್ಕೇನು ಆಧಾರ?"

ಸಿಸ್ಟರ್ ನನ್ನ ಕಡೆ ತಿರುಗಲಿಲ್ಲ. ರಿಜಿಸ್ಟರನ್ನು ತೆರೆದು ನನ್ನ ಹಾಸಿಗೆಯ ಮೇಲೆ ಇಟ್ಟು ಪಕ್ಕಕ್ಕೆ ಸರಿದರು. ಮರದ ಅಡ್ಡಗೋಡೆಯ ಆಚೆ ಚಿಕ್ಕತಾಯಿ ಕೆಮ್ಮುತ್ತಿದ್ದಳು. ನಾನು ಎದ್ದು ನಿಂತೆ. ರಿಜಿಸ್ಟರನ್ನು ಕೈಗೆ ತೆಗೆದುಕೊಂಡೆ. ಓದಿದೆ. ಯಾವ ಲೈನು, ಯಾವ ಕೋಣೆ, ಎಷ್ಟು ಜನ, ಮೊದಲು ಯಾರು ಕೆಮ್ಮಿದ್ದು, ಅವನು ಹೋದ ಮೇಲೆ ಯಾರು ಬಂದದ್ದು. ಕೊನೆಯಲ್ಲಿ, "ಆ ಕೋಣೆ ಕೊಟ್ಟವನು ನಾನೇ ಸಾರ್. ರೋಗ ಇದೆ ಅಂತ ಗೊತ್ತಿದ್ದೂ ಕೊಟ್ಟೆ. ಬೇಕಾದ್ರೆ ನನ್ನನ್ನು ಕಳಿಸಿ, ಅವಳನ್ನು ಕಳಿಸಬೇಡಿ" ಎಂದೆ.

ಸಾಹೇಬರು ಕರವಸ್ತ್ರ ಇಳಿಸಿದರು. ಆಗ ಸಿಸ್ಟರ್ ಬಹಳ ಮೆತ್ತಗೆ, "ಸಾರ್ ಸ್ವಂತ ಊರು ಯಾವುದು?" ಎಂದು ಕೇಳಿದರು.

"ಮೈಸೂರು. ಯಾಕೆ?"

"ಚಿಕ್ಕತಾಯಿದು ಹುಣಸೂರು. ಹಂಗಾದ್ರೆ ನೀವಿಬ್ರೂ ಒಂದೇ ರಾಜ್ಯದವರು. ನಾಳೆ ನಿಮಗೆ ಜ್ವರ ಬಂದ್ರೆ ಇಲ್ಲಿ ಸೂಜಿ ಹಾಕ್ಲಾ, ಮೈಸೂರು ಬಸ್ಸು ಹತ್ತಿಸ್ಲಾ?"

ಸುಬೇದಾರರು ಕಂಬಳಿಯೊಳಗೆ ಮುಖ ಹುದುಗಿಸಿಕೊಂಡು ನಗುತ್ತಿದ್ದರು. ಸಾಹೇಬರ ಮುಖ ಕೆಂಪಾಯಿತು. ಬೈಯುತ್ತಾರೆ ಅಂದುಕೊಂಡೆ. ಬೈಯದೆ ಪೆನ್ನು ತೆಗೆದು, ಈಗಿರುವ ರೋಗಿಗಳು ಚಿಕಿತ್ಸೆ ಮುಗಿಯುವವರೆಗೆ ಇರಲಿ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಹೊರಟುಹೋದರು. ಚಿಕ್ಕತಾಯಿ ಸೂಜಿ ಮುಗಿಸಿಕೊಂಡು ತನ್ನ ಕಾಲ ಮೇಲೆ ತಾನು ನಡೆದು ಬಸ್ಸು ಹತ್ತಿದಳು. ಆ ಕೋಣೆಗೆ ಮತ್ತೆ ಹೋಗಲಿಲ್ಲ. ಹುದಿಕೇರಿಯ ಕಡೆ ಬೇರೆ ಎಸ್ಟೇಟು ಸೇರಿಕೊಂಡಳು.

ಇದು ಗೆದ್ದ ಕಥೆ ಎಂದು ಯಾರೂ ತಿಳಿಯಬಾರದು. ನನ್ನ ಕೆಲಸ ಹೋಯಿತು. ತಂಗಿಯ ಸಂಬಂಧ ತಪ್ಪಿತು. ಇನ್ನೊಂದು ಕೂಡಿಬರಲು ನಾಲ್ಕು ವರ್ಷ ಹಿಡಿಯಿತು, ಅಷ್ಟು ಕಾಲ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಸಿಸ್ಟರನ್ನು ಕುಟ್ಟದ ಹತ್ತಿರದ ಒಂದು ಸಣ್ಣ ಡಿಸ್ಪೆನ್ಸರಿಗೆ ವರ್ಗ ಮಾಡಿದರು. ಆಡಳಿತದ ಅನುಕೂಲಕ್ಕಾಗಿ ಎಂದು ಆದೇಶದಲ್ಲಿತ್ತು. ನಾವೆಲ್ಲ ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ಅವರು ಟ್ರಂಕು ಕಟ್ಟುತ್ತಾ, "ಕುಟ್ಟದಲ್ಲಿ ಕೆಮ್ಮೋರಿಲ್ವಾ? ಇವರಿಗೆ ಶಿಕ್ಷೆ ಕೊಡೋಕೂ ಬರಲ್ಲ" ಎಂದರು.

ಹೋಗುವ ಮುಂಚೆ ನನಗೊಂದು ದಾರಿ ಮಾಡಿಕೊಟ್ಟರು. ಎಸ್ಟೇಟಿಗೆ ಬೇಡವಾದ ರೈಟರು ನನಗೆ ಬೇಕು ಎಂದು, ಒಂದು ಬುಟ್ಟಿ ಕಿತ್ತಳೆ ತರಿಸಿ, ಅದರ ಸಿಪ್ಪೆಗೆ ಸೂಜಿ ಚುಚ್ಚುವುದನ್ನು ಕಲಿಸಿದರು. ಓರೆಯಾಗಿ ಚುಚ್ಚಿದ ಹಣ್ಣನ್ನೆಲ್ಲ ನಾನೇ ತಿನ್ನಬೇಕಾಗಿತ್ತು. ಔಷಧಿ ಕಲಸುವುದು, ಕಫ ಪರೀಕ್ಷೆಗೆ ಕಳಿಸುವುದು, ಸುಳ್ಳು ಹೇಳುವ ರೋಗಿಯನ್ನು ಮಾತಾಡಿಸುವುದು, ಎಲ್ಲವನ್ನೂ ಅವರಿಂದಲೇ ಕಲಿತೆ. ಹುದಿಕೇರಿಯಲ್ಲಿ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆದೆ. ನಾನು ಇವತ್ತಿಗೂ ಉಣ್ಣುತ್ತಿರುವುದು ಆ ಕಿತ್ತಳೆ ಹಣ್ಣಿನ ವಿದ್ಯೆಯ ಅನ್ನವನ್ನೇ.

ಕೊಡಗು ಮೈಸೂರಿಗೆ ಸೇರಲು ಇನ್ನು ಕೆಲವೇ ತಿಂಗಳಿರುವಾಗ ಅವರಿಗೆ ಹುಷಾರಿಲ್ಲವೆಂದು ಡಿಸ್ಪೆನ್ಸರಿಯ ಆಳು ಬಂದು ಹೇಳಿದ. ಉಳಿದಿದ್ದ ಒಂದು ಶ್ವಾಸಕೋಶಕ್ಕೂ ರೋಗ ಹಿಡಿದಿತ್ತು. ಈ ಸಲ ಔಷಧಿಯ ಸೂಜಿಯೂ ಫಲ ಕೊಡಲಿಲ್ಲ. ಬೆಳಗಿನ ಬಸ್ಸಿಗೆ ಹೋದೆ. ಡಿಸ್ಪೆನ್ಸರಿಯ ಹಿಂದಿನ ಸಣ್ಣ ಮನೆಯಲ್ಲಿ ಮಂಚದ ಮೇಲೆ ಮೂರು ದಿಂಬಿಗೆ ಒರಗಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ. ಕಣ್ಣಿನಲ್ಲಿ ಮಾತ್ರ ಅದೇ ಜಗಳಗಂಟಿತನ.

"ನನ್ನನ್ನು ನೋಡೋಕೆ ಬಂದ್ಯಾ, ಕೆಲಸಕ್ಕೆ ಬಂದ್ಯಾ?"

"ನೋಡೋಕೆ ಸಿಸ್ಟರ್."

"ನೋಡಿದ್ಯಲ್ಲ. ಆಯ್ತು." ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಹನ್ನೊಂದು ಜನ ಇದ್ದಾರೆ, ಮೂರು ಎಸ್ಟೇಟಲ್ಲಿ. ಎರಡು ದಿವಸದಿಂದ ಸೂಜಿ ಹಾಕೋರಿಲ್ಲ. ಚೀಲ ಅಲ್ಲಿದೆ. ಹೋಗು ಮೋನೆ." ಮೋನೆ ಅಂದರೆ ಅವರ ಭಾಷೆಯಲ್ಲಿ ಮಗನೇ.

"ನಿಮ್ಮ ಹತ್ರ ಯಾರಿರ್ತಾರೆ?"

"ಸಾಯೋಕೆ ಜೊತೆ ಬೇಕಾ? ಹೋಗೋ!"

ಹೋದೆ. ಲೈನಿನಿಂದ ಲೈನಿಗೆ ನಡೆದು ಹತ್ತು ಜನರಿಗೆ ಹಾಕಿದೆ. ಹನ್ನೊಂದನೆಯವಳು ಯರವ ಬುಡಕಟ್ಟಿನ ಮುದುಕಿ. ನನ್ನ ಮುಖ ನೋಡುತ್ತಲೇ ಗುಡಿಸಲಿನ ಮೂಲೆಗೆ ಸರಿದು, ಸಿಸ್ಟ್ರಮ್ಮನೇ ಬರಲಿ, ನೀನು ಯಾರೋ ನನಗೆ ಗೊತ್ತಿಲ್ಲ ಎಂದು ಹಟ ಹಿಡಿದಳು. ಅರ್ಧ ಗಂಟೆ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಟ್ಟು, ಸಿಸ್ಟ್ರಮ್ಮನೇ ಕಳಿಸಿದ್ದು ಎಂದು ಆಣೆ ಇಟ್ಟು, ಕೊನೆಗೆ ತೋಳು ಚಾಚುವಂತೆ ಮಾಡಿದೆ. ಆ ಅರ್ಧ ಗಂಟೆಯಲ್ಲೇ ಅತ್ತ ಸಿಸ್ಟರ್ ಹೋಗಿಬಿಟ್ಟಿದ್ದರು.

ಕೊನೆ ಗಳಿಗೆಯಲ್ಲಿ ಹತ್ತಿರ ಇರಲಿಲ್ಲವಲ್ಲ ಎಂದು ಕೆಲವರು ನನ್ನನ್ನು ಮರುಕದಿಂದ ನೋಡುತ್ತಾರೆ. ನನಗೆ ಆ ಕೊರಗಿಲ್ಲ. ಮುದುಕಿಗೆ ಸೂಜಿ ಹಾಕದೆ ಓಡಿ ಬಂದಿದ್ದರೆ ಸಿಸ್ಟರ್ ಎದ್ದು ಕೂತು ಬೈದು ಮತ್ತೆ ಸಾಯುತ್ತಿದ್ದರು. ನಾನು ಡಿಸ್ಪೆನ್ಸರಿ ಮುಟ್ಟಿದಾಗ ಹೆಣ ಎತ್ತುವವರು ಬಂದು ಅಂಗಳದಲ್ಲಿ ನಿಂತಿದ್ದರು. ಸ್ವಲ್ಪ ತಡೆಯಿರಿ ಎಂದೆ. ಪುಸ್ತಕ ತೆಗೆದು ಹನ್ನೊಂದು ಹೆಸರುಗಳ ಮುಂದೆ ಆ ದಿನದ ಗುರುತು ಹಾಕಿದೆ. ಮರುದಿನಕ್ಕೆ ಬೇಕಾದ ಸೂಜಿಗಳನ್ನು ಒಲೆಯ ಮೇಲೆ ಕುದಿಯಲು ಇಟ್ಟು, ಆಮೇಲೆ ಅವರ ಜೊತೆ ಹೊರಟೆ.